ಎಷ್ಟರಲ್ಲಿ ಎಷ್ಟು?

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ರಾಜ್ಯದ ಫಲಿತಾಂಶ ಶೇ 62.34 ಅಂತ ಕೆಲವು ಕಡೆ ಬಂತು, ಶೇ 66.14 ಅಂತ ಇನ್ನು ಕೆಲವು ಕಡೆ. ಒಂದೇ ಪರೀಕ್ಷೆ, ಒಂದೇ ಮಂಡಳಿ, ಒಂದೇ ದಿನ. ಹಾಗಾದರೆ ಯಾವುದೋ ಒಂದು ತಪ್ಪಿರಬೇಕು ಅಲ್ವಾ?

ತಪ್ಪಿಲ್ಲ. ಎರಡೂ ಸರಿ.

ಪರೀಕ್ಷೆ ಬರೆದವರು ಒಟ್ಟು 8,42,173 ಮಂದಿ. ಪಾಸಾದವರು 5,24,984. ಭಾಗಿಸಿ ನೋಡಿ, 62.34 ಬರುತ್ತದೆ. ಆದರೆ ಈ ಎಂಟೂವರೆ ಲಕ್ಷದ ಹತ್ತಿರದ ಗುಂಪಿನಲ್ಲಿ ಎಲ್ಲರೂ ಮೊದಲ ಸಲ ಪರೀಕ್ಷೆ ಕಟ್ಟಿದ ಶಾಲಾ ಮಕ್ಕಳಲ್ಲ. ಹಿಂದೆ ಫೇಲಾಗಿ ಮತ್ತೆ ಕಟ್ಟಿದವರಿದ್ದಾರೆ, ಖಾಸಗಿಯಾಗಿ ಕಟ್ಟಿದವರಿದ್ದಾರೆ. ಶಾಲೆಯಿಂದ ಹೊಸದಾಗಿ ಬರೆದವರನ್ನಷ್ಟೇ ತೆಗೆದುಕೊಂಡರೆ 7,90,890 ಮಂದಿ, ಪಾಸಾದವರು 5,23,075. ಅದು 66.14. ಎರಡಕ್ಕೂ ಇರುವ ವ್ಯತ್ಯಾಸವನ್ನು ಕಳೆದು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಉಳಿದ ಸುಮಾರು 51 ಸಾವಿರ ಮಂದಿಯಲ್ಲಿ ಪಾಸಾದವರು ಎರಡು ಸಾವಿರವೂ ಇಲ್ಲ. ನನ್ನ ಪ್ರಕಾರ ಅವತ್ತಿನ ನಿಜವಾದ ಸುದ್ದಿ ಅದು. ಒಂದು ಸಲ ಫೇಲಾದ ಮಗುವಿಗೆ ನಮ್ಮ ವ್ಯವಸ್ಥೆಯಲ್ಲಿ ಮತ್ತೆ ದಡ ಸೇರುವುದು ಎಷ್ಟು ಕಷ್ಟ ಅನ್ನೋದನ್ನ ಆ ಎರಡು ಸಾವಿರ ಹೇಳುತ್ತಿತ್ತು. ಚರ್ಚೆ ಎಲ್ಲಾ ನಡೆದದ್ದು ಮಾತ್ರ ಯಾವ ಜಿಲ್ಲೆ ಫಸ್ಟು, ಯಾವ ಜಿಲ್ಲೆ ಲಾಸ್ಟು ಅಂತ.

ಅಂಕಿ ಅಂಶ ಸುಳ್ಳು ಹೇಳುತ್ತದೆ ಅಂತ ಜನ ಸುಮ್ನೆ ಒಂದು ಮಾತು ಹೇಳಿಬಿಡುತ್ತಾರೆ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ಪೂರ್ತಿ ಸುಳ್ಳು ಸಂಖ್ಯೆ ಕೊಡುವವರು ಕಡಿಮೆ, ಯಾಕಂದ್ರೆ ಸಿಕ್ಕಿಬೀಳುತ್ತಾರೆ. ಜಾಸ್ತಿ ನಡೆಯುವುದು ಬೇರೆ ಕೆಲಸ. ಶಾಲೆಯಲ್ಲಿ ಭಿನ್ನರಾಶಿ ಕಲಿತಿದ್ದೀರಿ, ಮೇಲೆ ಅಂಶ, ಕೆಳಗೆ ಛೇದ. ಮೇಲಿನ ಸಂಖ್ಯೆಯನ್ನು ಎಲ್ಲರಿಗೂ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗಿನದನ್ನು ಸದ್ದಿಲ್ಲದೆ ಬದಲಾಯಿಸುವುದು, ಇಲ್ಲವೇ ಬಚ್ಚಿಡುವುದು. ಇವತ್ತು ನಾನು ಮಾತಾಡೋದು ಪೂರ್ತಿ ಆ ಕೆಳಗಿನ ಸಂಖ್ಯೆಯ ಬಗ್ಗೆ.

ಎಸ್ಸೆಸ್ಸೆಲ್ಸಿಯನ್ನೇ ಇನ್ನೊಂದಿಷ್ಟು ನೋಡೋಣ. 2021ರಲ್ಲಿ ಫಲಿತಾಂಶ ಶೇ 99.9. 2022ರಲ್ಲಿ 85.63. 2023ರಲ್ಲಿ 83.89. 2024ರಲ್ಲಿ 73.40. ಆಮೇಲೆ 62.34. ಇದನ್ನೊಂದು ಗ್ರಾಫ್ ಮಾಡಿ ವಾಟ್ಸಾಪಿಗೆ ಬಿಟ್ಟರೆ ಸಾಕು, ನಾಲ್ಕು ವರ್ಷದಲ್ಲಿ ಕನ್ನಡ ನಾಡಿನ ಮಕ್ಕಳು ದಡ್ಡರಾಗಿಬಿಟ್ಟರು ಅಂತ ಯಾರು ಬೇಕಾದರೂ ಭಾಷಣ ಮಾಡಬಹುದು. ಆದರೆ 2021 ಕೋವಿಡ್ ವರ್ಷ. ಎರಡೇ ದಿನ ಪರೀಕ್ಷೆ, ಬರೀ ಬಹು ಆಯ್ಕೆಯ ಪ್ರಶ್ನೆಗಳು, ಯಾರನ್ನೂ ಫೇಲು ಮಾಡಬಾರದು ಅಂತ ಮೊದಲೇ ತೀರ್ಮಾನ ಆಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಕಾಪಿ ಕಷ್ಟವಾಯಿತು, ಫಲಿತಾಂಶ ಬೀಳುವುದು ಕಂಡಿತು. ಬಿದ್ದದ್ದನ್ನು ಎತ್ತಲಿಕ್ಕೆ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅದನ್ನೆಲ್ಲ ಸೇರಿಸಿಯೇ 73.40. ಮುಂದಿನ ವರ್ಷ ಕ್ಯಾಮೆರಾ ಉಳಿಯಿತು, ಆ ಹೆಚ್ಚುವರಿ ಕೃಪಾಂಕ ಹೋಯಿತು. ಹಾಗಾಗಿ ಇಳಿಯಿತು. ಅಂದರೆ ಈ ಐದು ಸಂಖ್ಯೆಗಳು ಒಂದೇ ಅಳತೆಕೋಲಿನಿಂದ ಬಂದವೇ ಅಲ್ಲ. 83.89ರಲ್ಲಿ ಕಾಪಿಯ ಪಾಲು ಎಷ್ಟಿತ್ತು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡುವವರಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರುಗಳು ನಗುತ್ತಿದ್ದೀರಿ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಗ್ರಾಫ್ ಅಂದೆನಲ್ಲ, ಅದರದ್ದೊಂದು ಸಣ್ಣ ಆಟ ಹೇಳಿಬಿಡುತ್ತೇನೆ. 62.34 ಮತ್ತು 66.14, ಈ ಎರಡಕ್ಕೆ ಎರಡು ಕಂಬ ಎಳೆಯಿರಿ. ಸೊನ್ನೆಯಿಂದ ಶುರು ಮಾಡಿದರೆ ಎರಡೂ ಹೆಚ್ಚು ಕಡಿಮೆ ಒಂದೇ ಎತ್ತರ. 60ರಿಂದ ಶುರು ಮಾಡಿ, ಒಂದರ ಎತ್ತರ 2.34, ಇನ್ನೊಂದರದ್ದು 6.14. ಎರಡೂವರೆ ಪಟ್ಟಿಗಿಂತ ಜಾಸ್ತಿ! ಸಂಖ್ಯೆ ಒಂದೂ ಬದಲಾಗಿಲ್ಲ. ಚುನಾವಣೆ ಹೊತ್ತಿಗೆ ಟಿವಿಯಲ್ಲಿ ಕಂಬ ಕಂಡರೆ ಮೊದಲು ಬುಡ ನೋಡಿ, ಆಮೇಲೆ ತುದಿ ನೋಡಿ.

ಖಾಸಗಿ ಶಾಲೆಗಳ ಜಾಹೀರಾತಿಗೆ ಬರೋಣ. ಮೇ ತಿಂಗಳಲ್ಲಿ ಊರ ತುಂಬಾ ಫ್ಲೆಕ್ಸು. "ಶೇ 100 ಫಲಿತಾಂಶ". ಮಕ್ಕಳ ಫೋಟೋ, ಅಂಕ, ಕಾರ್ಯದರ್ಶಿಗಳ ಫೋಟೋ. ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿಗೆ 60 ಮಕ್ಕಳಿದ್ದರು. ಒಂಬತ್ತರಲ್ಲಿ ಸ್ವಲ್ಪ ಹಿಂದೆ ಬಿದ್ದ 12 ಮಕ್ಕಳ ಅಪ್ಪ ಅಮ್ಮನನ್ನು ಕರೆಸಿ, "ನಿಮ್ಮ ಹುಡುಗನಿಗೆ ಇಲ್ಲಿಯ ಓದು ಭಾರವಾಗ್ತಿದೆ, ಟಿಸಿ ತಗೊಂಡು ಬೇರೆ ಕಡೆ ಸೇರಿಸಿ" ಅಂದರು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತವರು 48, ಪಾಸಾದವರು 48. ನೂರಕ್ಕೆ ನೂರು, ಫ್ಲೆಕ್ಸಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆ 12 ಮಕ್ಕಳು ಹೋಗಿ ಸೇರಿದ್ದು ಪಕ್ಕದ ಸರ್ಕಾರಿ ಶಾಲೆಗೆ. ಅಲ್ಲಿ ಅವರಲ್ಲಿ ಐದು ಜನ ಫೇಲಾದರೆ ಸರ್ಕಾರಿ ಶಾಲೆಯ ಫಲಿತಾಂಶ ಕುಸಿಯಿತು ಅಂತ ಮಾರನೇ ದಿನ ಸುದ್ದಿ. ಒಂದು ಛೇದದಿಂದ ತೆಗೆದದ್ದನ್ನು ಇನ್ನೊಂದು ಛೇದಕ್ಕೆ ಸೇರಿಸಿದ್ದಾರೆ, ಅಷ್ಟೇ. ಎರಡೂ ಶಾಲೆಯಲ್ಲಿ ಪಾಠ ಮೊದಲು ಹೇಗಿತ್ತೋ ಹಾಗೇ ಇದೆ. ಮಗುವನ್ನು ಸೇರಿಸಲಿಕ್ಕೆ ಹೋದಾಗ ಫಲಿತಾಂಶ ಎಷ್ಟು ಅಂತ ಕೇಳಬೇಡಿ. ಎಂಟನೇ ಕ್ಲಾಸಿಗೆ ಎಷ್ಟು ಮಕ್ಕಳಿದ್ದರು, ಹತ್ತರಲ್ಲಿ ಎಷ್ಟು ಉಳಿದರು ಅಂತ ಕೇಳಿ. ಆಫೀಸಿನಲ್ಲಿ ಸ್ವಲ್ಪ ಹೊತ್ತು ಮೌನ ಇರುತ್ತದೆ.

ಹಾಗಂತ ಜಿಲ್ಲಾವಾರು ಪಟ್ಟಿ ಪೂರ್ತಿ ಕಸ ಅಂತ ನಾನು ಹೇಳುವುದಿಲ್ಲ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಇಷ್ಟು ದೊಡ್ಡ ಅಂತರ ಯಾವ ಛೇದದ ಆಟದಿಂದಲೂ ಬರುವುದಿಲ್ಲ. ಇದನ್ನು ಹಿಡಿದುಕೊಂಡು ಎಲ್ಲಿ ಶಿಕ್ಷಕರ ಹುದ್ದೆ ಖಾಲಿ ಇದೆ, ಎಲ್ಲಿ ಅಪ್ಪ ಅಮ್ಮ ಗುಳೆ ಹೋದಾಗ ಮಕ್ಕಳೂ ಜೊತೆಗೆ ಹೋಗುತ್ತಾರೆ ಅಂತ ಹುಡುಕಿಕೊಂಡು ಹೋದರೆ ಅದು ಅಂಕಿಯ ಸರಿಯಾದ ಬಳಕೆ. ಕಲಬುರಗಿಯವರನ್ನು ಆಡಿಕೊಳ್ಳಲಿಕ್ಕೆ ಬಳಸಿದರೆ ಅದು ದುರ್ಬಳಕೆ. ಸಂಖ್ಯೆ ಅದೇ.

ರಾಜಕೀಯದ ಒಂದು ಉದಾಹರಣೆ, ಬೇಗ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಇಲ್ಲೇ ಚರ್ಚೆ ಶುರುವಾಗುತ್ತದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ 104 ಸೀಟು, ಕಾಂಗ್ರೆಸ್ಸಿಗೆ ಎಂಬತ್ತರ ಆಸುಪಾಸು. ಆದರೆ ಮತ ಲೆಕ್ಕ ಹಾಕಿದರೆ ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36. 2023ರಲ್ಲಿ ಬಿಜೆಪಿ 66ಕ್ಕೆ ಇಳಿಯಿತು, ಮತ ಮಾತ್ರ ಅದೇ ಶೇ 36ರ ಹತ್ತಿರ. ಕಾಂಗ್ರೆಸ್ ಹತ್ತಿರ ಹತ್ತಿರ ಶೇ 43ಕ್ಕೆ ಏರಿ 135 ಗೆದ್ದಿತು. "ಜನ ನಮ್ಮನ್ನು ತಿರಸ್ಕರಿಸಿಲ್ಲ" ಅಂತಲೂ ಹೇಳಬಹುದು, "ಜನ ಅವರನ್ನು ಗುಡಿಸಿ ಹಾಕಿದರು" ಅಂತಲೂ ಹೇಳಬಹುದು. ಯಾರು ಸೀಟಿನ ಸಂಖ್ಯೆ ಹಿಡಿಯುತ್ತಾರೆ, ಯಾರು ಮತದ ಸಂಖ್ಯೆ ಹಿಡಿಯುತ್ತಾರೆ ಅನ್ನೋದರ ಮೇಲೆಯೇ ಮಾತಾಡುತ್ತಿರುವವರು ಯಾವ ಕಡೆಯವರು ಅಂತ ಹೇಳಿಬಿಡಬಹುದು.

ಸರಾಸರಿ ಬಗ್ಗೆ ರೈತರ ಹತ್ತಿರ ಮಾತಾಡಿ, ಅವರಿಗೆ ಗೊತ್ತು. "ರಾಜ್ಯದಲ್ಲಿ ವಾಡಿಕೆಯಷ್ಟು ಮಳೆಯಾಗಿದೆ" ಅಂತ ಪೇಪರಿನಲ್ಲಿ ಬರುತ್ತದೆ. ರಾಜ್ಯ ಅಂದರೆ ಯಾವುದು? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಚಳ್ಳಕೆರೆ ಕಡೆ ಐನೂರರ ಆಸುಪಾಸು. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಮಳೆ ಯಾರ ಹೊಲದಲ್ಲೂ ಬಿದ್ದಿರುವುದಿಲ್ಲ. ಅಷ್ಟೇ ಅಲ್ಲ, ಒಂದೇ ಊರಿನಲ್ಲೂ ಜೂನ್ ಪೂರ್ತಿ ಒಣಗಿ, ಬಿತ್ತಿದ್ದೆಲ್ಲ ಸುಟ್ಟುಹೋಗಿ, ಆಗಸ್ಟಿನಲ್ಲಿ ಎರಡು ದಿನ ಕೊಚ್ಚಿಕೊಂಡು ಹೋಗುವ ಹಾಗೆ ಸುರಿದರೆ ಲೆಕ್ಕದಲ್ಲಿ ವಾಡಿಕೆ ಮಳೆ ಬಂದ ಹಾಗೆ. ತಲಾ ಆದಾಯದ ಕತೆಯೂ ಇದೇ. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯದಕ್ಕಿಂತ ಹತ್ತಿರ ಹತ್ತಿರ ಐದು ಪಟ್ಟು. ರಾಜ್ಯದ ಸರಾಸರಿ ಏರಿತು ಅಂದಾಗ ಎಲ್ಲಿ ಏರಿತು ಅಂತ ಕೇಳದಿದ್ದರೆ ಆ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ.

ಈಗ ಸ್ವಲ್ಪ ದೂರ ಹೋಗೋಣ, ಬ್ರಿಟನ್ನಿಗೆ. 1995ರ ಅಕ್ಟೋಬರ್. ಅಲ್ಲಿಯ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು, ಅಂದರೆ ಶೇ 100 ಜಾಸ್ತಿ. ಕೇಳಿದವರ ಎದೆ ಒಡೆದುಹೋಯಿತು. ಎಷ್ಟೋ ಹೆಂಗಸರು ಮಾತ್ರೆ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 13 ಸಾವಿರ ಗರ್ಭಪಾತ ಜಾಸ್ತಿ ಆಯಿತು ಅಂತ ಅಂದಾಜು.

ಈಗ ಕೆಳಗಿನ ಸಂಖ್ಯೆ ನೋಡಿ. ಹಳೆಯ ಮಾತ್ರೆ ತಗೊಳ್ಳುತ್ತಿದ್ದ 7,000 ಹೆಂಗಸರಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತಿತ್ತು. ಹೊಸದರಲ್ಲಿ 7,000ಕ್ಕೆ ಇಬ್ಬರಿಗೆ. ಒಂದು ಎರಡಾಯಿತು, ಶೇ 100 ಏರಿಕೆ, ಸುಳ್ಳೇನಿಲ್ಲ. ಆದರೆ "ಏಳು ಸಾವಿರದಲ್ಲಿ ಇನ್ನೊಬ್ಬರಿಗೆ" ಅಂತ ಹೇಳಿದ್ದರೆ ಯಾರು ಗಾಬರಿಯಾಗುತ್ತಿದ್ದರು? ಇದರಲ್ಲಿ ಇನ್ನೂ ಬೇಸರದ ವಿಷಯ ಅಂದರೆ, ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯದಕ್ಕಿಂತಲೂ ಜಾಸ್ತಿ. ಕಡಿಮೆ ಅಪಾಯಕ್ಕೆ ಹೆದರಿ ಜನ ದೊಡ್ಡ ಅಪಾಯದ ಕಡೆಗೆ ಓಡಿದರು.

ಜಾಹೀರಾತಿನವರು ಇದನ್ನು ತಿರುಗಿಸಿ ಬಳಸುತ್ತಾರೆ. "ಹೃದಯಾಘಾತದ ಅಪಾಯ ಅರ್ಧಕ್ಕರ್ಧ ಕಡಿಮೆ" ಅಂದರೆ ಸಾವಿರದಲ್ಲಿ ಇನ್ನೂರು ಇದ್ದದ್ದು ನೂರಾಯಿತೋ, ಎರಡು ಇದ್ದದ್ದು ಒಂದಾಯಿತೋ? ಎರಡೂ ಅರ್ಧವೇ. ಅದೇ ಪೊಟ್ಟಣದಲ್ಲಿ ಅಡ್ಡಪರಿಣಾಮದ ವಿಷಯ ಬಂದಾಗ ಮಾತ್ರ "ಸಾವಿರಕ್ಕೊಬ್ಬರಿಗೆ" ಅಂತ ಸಣ್ಣ ಅಕ್ಷರದಲ್ಲಿ ಛೇದ ಹಾಜರ್.

ಬ್ರಿಟನ್ನಿನದೇ ಇನ್ನೊಂದು ಪ್ರಕರಣವಿದೆ. ಸ್ಯಾಲಿ ಕ್ಲಾರ್ಕ್ ಅಂತ ಒಬ್ಬ ವಕೀಲೆ. 1996ರ ಡಿಸೆಂಬರಿನಲ್ಲಿ ಆಕೆಯ ಮೊದಲ ಮಗು ಹನ್ನೊಂದು ವಾರದ್ದಿರುವಾಗ ತೀರಿಕೊಂಡಿತು. 1998ರ ಜನವರಿಯಲ್ಲಿ ಎರಡನೇ ಮಗು, ಎಂಟು ವಾರದ್ದು, ಅದೂ ಹೋಯಿತು. ಪೊಲೀಸರು ತಾಯಿಯನ್ನೇ ಹಿಡಿದರು. ವಿಚಾರಣೆಯಲ್ಲಿ ಹೆಸರಾಂತ ಮಕ್ಕಳ ವೈದ್ಯ ರಾಯ್ ಮೆಡೋ ಸಾಕ್ಷಿ ಹೇಳಿದರು. ಇಂಥ ಅನುಕೂಲಸ್ಥ, ಧೂಮಪಾನವಿಲ್ಲದ ಮನೆಯಲ್ಲಿ ಕಾರಣವಿಲ್ಲದೆ ಒಂದು ಹಸುಗೂಸು ತೀರಿಕೊಳ್ಳುವುದು 8,543ಕ್ಕೆ ಒಂದು. ಎರಡು ಕೂಸುಗಳು ಹಾಗೆ ಹೋಗಬೇಕಾದರೆ 8,543ನ್ನು ಅದರಿಂದಲೇ ಗುಣಿಸಿ, 7.3 ಕೋಟಿಗೆ ಒಂದು. 1999ರ ನವೆಂಬರಿನಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಇಲ್ಲಿ ಎರಡು ತಪ್ಪಿವೆ. ಮೊದಲನೆಯದು ಸುಲಭ. ಗುಣಿಸಬೇಕಾದರೆ ಎರಡು ಘಟನೆಗೂ ಒಂದಕ್ಕೊಂದು ಸಂಬಂಧ ಇರಬಾರದು. ಒಂದೇ ತಾಯಿ ತಂದೆ, ಒಂದೇ ರಕ್ತ, ಒಂದೇ ಮನೆ, ಸಂಬಂಧ ಇಲ್ಲ ಅಂತ ಹೇಗೆ ಹೇಳುತ್ತೀರಿ? ಮೊದಲ ಮಗುವಿಗೆ ಯಾವುದೋ ಕಾಣದ ತೊಂದರೆ ಇದ್ದರೆ ಎರಡನೆಯದಕ್ಕೂ ಇರುವ ಸಾಧ್ಯತೆ ಜಾಸ್ತಿಯೇ.

ಎರಡನೆಯದು ಸೂಕ್ಷ್ಮ, ಸ್ವಲ್ಪ ನಿಧಾನವಾಗಿ ಕೇಳಿ. ಕೇರಳದ ಓಣಂ ಬಂಪರ್ ಲಾಟರಿ ಒಬ್ಬರಿಗೆ ಹೊಡೆಯಿತು ಅಂದುಕೊಳ್ಳಿ. ಆ ಒಬ್ಬರಿಗೇ ಬರುವ ಸಾಧ್ಯತೆ ಎಷ್ಟೋ ಲಕ್ಷಕ್ಕೆ ಒಂದು. "ಇಷ್ಟು ಕಡಿಮೆ ಸಾಧ್ಯತೆ ಇರುವಾಗ ಇವರು ಮೋಸ ಮಾಡಿರಲೇಬೇಕು" ಅಂತ ಹಿಡಿದು ಒಳಗೆ ಹಾಕುತ್ತೀರಾ? ಲಕ್ಷಗಟ್ಟಲೆ ಟಿಕೆಟ್ ಇರುವಾಗ ಯಾರಿಗೋ ಒಬ್ಬರಿಗೆ ಬರಲೇಬೇಕಲ್ವಾ. ಹಾಗೆಯೇ ಲಕ್ಷಗಟ್ಟಲೆ ಮನೆಗಳಿರುವ ದೇಶದಲ್ಲಿ ಒಂದು ಮನೆಗೆ ಇಂಥ ದುರ್ಗತಿ ಎರಡು ಸಲ ಬರಬಹುದು. ಕೋರ್ಟು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಎರಡು ಕೂಸು ಸತ್ತಿವೆ, ಅದು ಆಗಿಹೋದ ವಿಷಯ. ಹೀಗಾದ ಮನೆಗಳಲ್ಲಿ ಎಷ್ಟರಲ್ಲಿ ಕಾರಣವಿಲ್ಲದ ಸಾವು, ಎಷ್ಟರಲ್ಲಿ ಕೊಲೆ? ತಾಯಿ ತನ್ನ ಎರಡು ಹಸುಗೂಸುಗಳನ್ನು ಒಂದಾದ ಮೇಲೊಂದು ಕೊಲ್ಲುವುದೂ ಕೋಟಿಗೊಂದರಂಥ ಮಾತೇ. ಎರಡು ಅಪರೂಪಗಳನ್ನು ಪಕ್ಕ ಪಕ್ಕ ಇಟ್ಟು ತೂಗಬೇಕಿತ್ತು. ಒಂದನ್ನು ಮಾತ್ರ ಇಟ್ಟರು.

2001ರಲ್ಲಿ ಅಲ್ಲಿಯ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಈ ಲೆಕ್ಕಕ್ಕೆ ಬುಡವಿಲ್ಲ ಅಂತ ಬಹಿರಂಗವಾಗಿ ಹೇಳಿತು. ಎರಡನೇ ಮಗುವಿಗೆ ಸೋಂಕು ಇದ್ದಿರಬಹುದು ಅನ್ನುವ ಪ್ರಯೋಗಾಲಯದ ವರದಿ ಬಚ್ಚಿಡಲ್ಪಟ್ಟಿತ್ತು ಅನ್ನೋದೂ ಹೊರಗೆ ಬಂತು. 2003ರ ಜನವರಿಯಲ್ಲಿ ಆಕೆ ಬಿಡುಗಡೆಯಾದರು. ಮನುಷ್ಯೆ ಸುಧಾರಿಸಿಕೊಳ್ಳಲೇ ಇಲ್ಲ. 2007ರಲ್ಲಿ 42ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ವೈದ್ಯರು ಮೋಸಗಾರರಾಗಿರಲಿಲ್ಲ ಅನ್ನುವುದು ನನ್ನನ್ನು ಹೆಚ್ಚು ಕಾಡುತ್ತದೆ. ತನ್ನ ಕ್ಷೇತ್ರದಲ್ಲಿ ದೊಡ್ಡ ಹೆಸರು ಇದ್ದವರು ಪಕ್ಕದ ಕ್ಷೇತ್ರದ ಲೆಕ್ಕವನ್ನು ಅಷ್ಟೇ ವಿಶ್ವಾಸದಿಂದ ಹೇಳಿದರು, ಆ ಗುಣಾಕಾರ ಕೋರ್ಟಿನಲ್ಲಿ ನಿಂತುಬಿಟ್ಟಿತು.

ಬರೀ ಬೈದದ್ದೇ ಆಯಿತು. ಸರಿಯಾಗಿ ಬಳಸಿದ ಒಂದು ಕತೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಇದನ್ನು ಹೇಳುತ್ತಿದ್ದವರು ಸಿ. ಆರ್. ರಾವ್. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು, ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ. ಮನೆ ಮಾತು ತೆಲುಗು. 2023ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ವರ್ಷವೇ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತ್ತು. ಹಡಗಲಿ ಅಂದರೆ ಮಲ್ಲಿಗೆ ಅಂತ ಎಲ್ಲರಿಗೂ ಗೊತ್ತು, ಇವರ ಹೆಸರು ಗೊತ್ತಿರುವವರು ಕಡಿಮೆ.

1947, ದೇಶ ಒಡೆದು ದಿಲ್ಲಿಯಲ್ಲಿ ಗಲಭೆ. ಪ್ರಾಣಭಯದಿಂದ ಜನ ಕೆಂಪುಕೋಟೆಯೊಳಗೆ ಆಶ್ರಯ ಪಡೆದರು. ಊಟ ಒದಗಿಸಲಿಕ್ಕೆ ಸರ್ಕಾರ ಗುತ್ತಿಗೆದಾರರನ್ನು ನೇಮಿಸಿತು. ಒಳಗೆ ಎಷ್ಟು ಜನ ಇದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಗುತ್ತಿಗೆದಾರರು ಕೊಟ್ಟ ಬಿಲ್ಲನ್ನು ಸರ್ಕಾರ ತೆಪ್ಪಗೆ ಪಾವತಿ ಮಾಡಬೇಕು. ಬಿಲ್ಲು ನೋಡಿದರೆ ತಲೆ ತಿರುಗುತ್ತಿತ್ತು. ಕೊನೆಗೆ ಸಂಖ್ಯಾಶಾಸ್ತ್ರಜ್ಞರನ್ನು ಕೇಳಿದರು. ಅವರಿಗೂ ಒಳಗೆ ಹೋಗಿ ತಲೆ ಎಣಿಸುವ ಪರಿಸ್ಥಿತಿ ಇರಲಿಲ್ಲ. ಕೈಯಲ್ಲಿದ್ದದ್ದು ಆ ಬಿಲ್ಲುಗಳು ಮಾತ್ರ. ಅಕ್ಕಿ ಇಷ್ಟು, ಬೇಳೆ ಇಷ್ಟು, ಉಪ್ಪು ಇಷ್ಟು ಅಂತ.

ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪು ತಿನ್ನುತ್ತಾನೆ ಅಂತ ಹಿಂದಿನ ಆಹಾರ ಸಮೀಕ್ಷೆಗಳಿಂದ ಗೊತ್ತಿತ್ತು. ಅಕ್ಕಿಯ ಬಿಲ್ಲನ್ನು ತಲಾ ಅಕ್ಕಿಯಿಂದ ಭಾಗಿಸಿದರೆ ಜನಸಂಖ್ಯೆ ಬರಬೇಕು. ಬೇಳೆಯಿಂದಲೂ ಬರಬೇಕು, ಉಪ್ಪಿನಿಂದಲೂ ಬರಬೇಕು. ಮೂರೂ ಒಂದೇ ಆಗಬೇಕು. ಆಗಲಿಲ್ಲ. ಅಕ್ಕಿಯ ಲೆಕ್ಕದಲ್ಲಿ ಜನ ಎಲ್ಲಕ್ಕಿಂತ ಜಾಸ್ತಿ, ಉಪ್ಪಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ! ಯಾಕೆ? ಅಕ್ಕಿ ತುಟ್ಟಿ. ಕಳ್ಳಲೆಕ್ಕ ಬರೆದರೆ ಲಾಭ ಅದರಲ್ಲಿ. ಉಪ್ಪಿನಲ್ಲಿ ಸುಳ್ಳು ಹೇಳಿದರೆ ಎಷ್ಟು ಕಾಸು ಸಿಕ್ಕೀತು? ಹಾಗಾಗಿ ಉಪ್ಪಿನ ಬಿಲ್ಲೇ ನಂಬಿಕೆಗೆ ಯೋಗ್ಯ. ಇದನ್ನು ಹೊಳೆಯಿಸಿಕೊಂಡವರು ಜೆ. ಎಂ. ಸೇನ್‌ಗುಪ್ತ. ಹುಮಾಯೂನ್ ಗೋರಿಯ ಹತ್ತಿರ ಇನ್ನೊಂದು ಸಣ್ಣ ಶಿಬಿರ ಇತ್ತು, ಅಲ್ಲಿ ಉಪ್ಪಿನ ಲೆಕ್ಕವನ್ನು ಪರೀಕ್ಷೆ ಮಾಡಿದಾಗ ಅದು ಸರಿಯಾಗಿಯೇ ಬಂತು.

ಯಾವ ಸಂಖ್ಯೆಯಲ್ಲಿ ಸುಳ್ಳು ಹೇಳಿದರೆ ಯಾರಿಗೆ ಲಾಭ ಅಂತ ಯೋಚಿಸುವುದೂ ಸಂಖ್ಯಾಶಾಸ್ತ್ರವೇ. ಸೂತ್ರ ಬರೀ ಒಂದು ಭಾಗಾಕಾರ, ನಾಲ್ಕನೇ ಕ್ಲಾಸಿನದು.

ಕೊನೆಗೆ ಒಂದು ಛೇದ ಉಳಿದಿದೆ, ಎಲ್ಲಕ್ಕಿಂತ ದೊಡ್ಡದು. ತಲಾ ಆದಾಯ, ಲಕ್ಷಕ್ಕೆ ಎಷ್ಟು ವೈದ್ಯರು, ಸಾವಿರಕ್ಕೆ ಎಷ್ಟು ಶಿಶುಮರಣ, ಇವುಗಳನ್ನೆಲ್ಲ ಲೆಕ್ಕ ಹಾಕುವಾಗ ಹಿಂದೆಲ್ಲೋ ಜನಗಣತಿ ಇದ್ದೇ ಇರುತ್ತದೆ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದದ್ದು, ಎರಡನೇ ಮಹಾಯುದ್ಧದ ನಡುವೆ 1941ರಲ್ಲೂ ನಡೆದದ್ದು, 2021ರಲ್ಲಿ ಮೊದಲ ಸಲ ತಪ್ಪಿತು. ಮುಂದಿನದಕ್ಕೆ ಸರ್ಕಾರ ಗೊತ್ತು ಮಾಡಿರುವ ಆಧಾರ ದಿನ 2027ರ ಮಾರ್ಚ್ 1. ಅಲ್ಲಿವರೆಗೂ ಪಕ್ಕಾ ಎಣಿಸಿದ ಸಂಖ್ಯೆ ಅಂತ ಇರುವುದು 2011ರದ್ದೇ. ಆಗ ನಮ್ಮ ರಾಜ್ಯದಲ್ಲಿ 6.11 ಕೋಟಿ ಜನ. ಈಗ ಬರುವುದೆಲ್ಲ ಅದರ ಮೇಲೆ ಕಟ್ಟಿದ ಅಂದಾಜು.

ಇದರಿಂದ ಏನಾಗುತ್ತದೆ ಅಂತ ಬೇಕಿದ್ದರೆ ನ್ಯಾಯಬೆಲೆ ಅಂಗಡಿಗೆ ಹೋಗಿ ನೋಡಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಹಳ್ಳಿಗಳ ಶೇ 75, ಪೇಟೆಗಳ ಶೇ 50 ಜನಕ್ಕೆ ಕೇಂದ್ರದಿಂದ ಧಾನ್ಯ. ಆ ಶೇಕಡಾವಾರನ್ನು 2011ರ ಜನಸಂಖ್ಯೆಗೆ ಹಚ್ಚಿ ದೇಶಕ್ಕೆ 81.35 ಕೋಟಿ ಅಂತ ಮಿತಿ ಹಾಕಿದರು. ಕಾಯ್ದೆಯಲ್ಲಿ ಶೇಕಡಾ ಹಾಗೇ ಇದೆ, ಯಾರೂ ಕಡಿಮೆ ಮಾಡಿಲ್ಲ. ಆಮೇಲೆ ಜನ ಬೆಳೆದರು, ಮಿತಿ ಬೆಳೆಯಲಿಲ್ಲ. ಕರ್ನಾಟಕದ ಪಾಲಿಗೆ ಬಂದದ್ದು 4 ಕೋಟಿಗೆ ಸ್ವಲ್ಪ ಮೇಲೆ. ಅದಕ್ಕಿಂತ ಜಾಸ್ತಿ ಇರುವ ಕಾರ್ಡುಗಳಿಗೆ ಅಕ್ಕಿ ಕೊಡಬೇಕೆಂದರೆ ರಾಜ್ಯ ತನ್ನ ಬೊಕ್ಕಸದಿಂದಲೇ ಕೊಡಬೇಕು. ಅಷ್ಟು ಮಾಡದ ರಾಜ್ಯಗಳಲ್ಲಿ, ಹೊಸದಾಗಿ ಮದುವೆಯಾಗಿ ಬೇರೆ ಒಲೆ ಹೂಡಿದವರು ಕಾರ್ಡಿಗೆ ಅರ್ಜಿ ಹಾಕಿದರೆ ಕೋಟಾ ಮುಗಿದಿದೆ, ಯಾರಾದರೂ ತೀರಿಕೊಂಡೋ ಬಿಟ್ಟುಹೋಗಿಯೋ ಜಾಗ ಖಾಲಿಯಾಗಲಿ, ಆಮೇಲೆ ನೋಡೋಣ ಅನ್ನುತ್ತಾರೆ.